ಲಿನಕ್ಸ್‌ನಲ್ಲಿ ಸಿಡಿ ರೈಟ್ ಆಗುತ್ತಿಲ್ಲವೇ? ಡಿಸ್ಕಿನಿಂದ ಶುರುಮಾಡಿ

ಮೂಡಿಗೆರೆ ಕಡೆಯ ತೋಟದಲ್ಲಿರುವ ನನ್ನ ಚಿಕ್ಕಮ್ಮ ಕಳೆದ ಶ್ರಾವಣದಲ್ಲಿ ಬೇಲೂರು ಮೇಲೆ ಬರುವ ಬಸ್ಸಿನಲ್ಲಿ ಒಂದು ಪೊಟ್ಟಣ ಕಳಿಸಿದರು. ಒಳಗೆ ಒಂದು ಪೆನ್‌ಡ್ರೈವ್, ಹತ್ತು ಖಾಲಿ ಸಿಡಿಗಳ ಕಟ್ಟು. ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಅವರ ಅತ್ತೆ ಹೇಳಿದ ಸೋಬಾನೆ ಪದಗಳು. 90 ನಿಮಿಷದ ಹಳೇ ಕ್ಯಾಸೆಟ್ಟಿನಿಂದ ಯಾರ ಹತ್ತಿರವೋ ಎಂಪಿ3 ಮಾಡಿಸಿಟ್ಟಿದ್ದರು. ಅಜ್ಜಿ ಈಗಿಲ್ಲ, ಆ ದನಿ ಇರುವುದು ಅಲ್ಲಿ ಮಾತ್ರ. "ಜೀಪಿನ ಪ್ಲೇಯರ್‌ಗೆ ಸಿಡಿ ಒಂದೇ ಆಗೋದು ಕಣೋ. ಎರಡು ಕಾಪಿ ಮಾಡ್ಕೊಡು. ಒಂದು ಜೀಪಿಗೆ, ಒಂದು ನಮ್ಮ ನಾದಿನಿಗೆ" ಅಂದರು ಫೋನಿನಲ್ಲಿ.

ಹಾಸನದ ನಮ್ಮ ಮನೆಯ ಡೆಸ್ಕ್‌ಟಾಪ್‌ನಲ್ಲಿರುವುದು ಲಿನಕ್ಸ್. ಸಿಡಿ ಬರೆಯುವ ಕೆ3ಬಿ ಎಂಬ ಪ್ರೋಗ್ರಾಂ ತೆರೆದು ಮೊದಲ ಸಿಡಿ ಹಾಕಿದೆ. ಒಂದು ಶೇಕಡಾ ಕೂಡ ಮುಗಿಯದೆ ನಿಂತಿತು. ಸಾಫ್ಟ್‌ವೇರ್ ಸರಿಯಿಲ್ಲವೇನೋ ಎಂದು ಬ್ರಸೆರೊದಲ್ಲಿ ಎರಡನೆಯದು, ಎಕ್ಸ್‌ಎಫ್‌ಬರ್ನ್‌ನಲ್ಲಿ ಮೂರನೆಯದು ಹಾಕಿ ನೋಡಿದೆ. ಮೂರೂ ಹಾಳಾದವು. ಆಮೇಲೆ ಕೂತು ಲಾಗ್, ಅಂದರೆ ಪ್ರೋಗ್ರಾಂ ತನ್ನ ಕೆಲಸದ ಬಗ್ಗೆ ಬರೆದಿಡುವ ದಾಖಲೆ, ಓದಿದಾಗ ತಿಳಿಯಿತು, ಮೂರು ಪ್ರೋಗ್ರಾಂಗಳೂ ಬೇರೆ ಬೇರೆ ಮಾತಿನಲ್ಲಿ ಹೇಳುತ್ತಿದ್ದದ್ದು ಒಂದೇ ಸಂಗತಿ: ಈ ಡಿಸ್ಕಿಗೆ ಎಷ್ಟು ಶಕ್ತಿಯ ಲೇಸರ್ ಬಿಡಬೇಕೆಂದು ಡ್ರೈವ್‌ಗೆ ಗೊತ್ತಾಗುತ್ತಿಲ್ಲ.

ಅವತ್ತಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ರೈಟ್ ಆಗದಿದ್ದರೆ ಮೊದಲು ಡಿಸ್ಕ್, ಆಮೇಲೆ ಡ್ರೈವ್, ಆಮೇಲೆ ಅನುಮತಿ, ಎಲ್ಲಕ್ಕಿಂತ ಕೊನೆಗೆ ಸಾಫ್ಟ್‌ವೇರ್. ಪರದೆಯ ಮೇಲೆ ಕಾಣುವ ದೂರು ಬಹಳ ಸಲ ಡ್ರೈವ್‌ನದೇ ಆಗಿರುತ್ತದೆ, ಪ್ರೋಗ್ರಾಂ ಅದನ್ನು ತಂದು ಮುಟ್ಟಿಸುತ್ತದೆ ಅಷ್ಟೆ. ನಾವು ಪ್ರೋಗ್ರಾಂ ಬದಲಾಯಿಸುತ್ತಾ ಹೋದರೆ ಖರ್ಚಾಗುವುದು ಸಿಡಿ.

ಕೆಳಗೆ ಬರುವ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿಯಲ್ಲಿ) ಹೊಡೆಯುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಮೊದಲ ಹೆಜ್ಜೆ: ಇನ್ನೊಂದು ಸಿಡಿ ಹಾಕುವ ಮೊದಲು ಲಾಗ್ ಓದಿ

ಕೆ3ಬಿಯಲ್ಲಿ ರೈಟಿಂಗ್ ನಿಂತ ಕೂಡಲೇ ಆ ಕಿಟಕಿಯನ್ನು ಮುಚ್ಚಬೇಡಿ. ಅಲ್ಲೇ ಡಿಬಗಿಂಗ್ ಔಟ್‌ಪುಟ್ ತೋರಿಸುವ ಬಟನ್ ಇರುತ್ತದೆ. ಬ್ರಸೆರೊ ಕೂಡ ಲಾಗ್ ಉಳಿಸಿಕೊಳ್ಳಲು ಬಿಡುತ್ತದೆ. ಉದ್ದದ ಪಠ್ಯ ನೋಡಿ ಹೆದರುವುದು ಬೇಡ, ಅದರಲ್ಲಿ ಹುಡುಕಬೇಕಾದ್ದು ಒಂದೇ ಸಾಲು. 'ಸೆನ್ಸ್ ಕೀ' ಎಂಬ ಎರಡು ಪದ, ಅದರ ಮುಂದೆ ಒಂದು ಅಂಕಿ. ಅದು ಡ್ರೈವ್ ತಾನೇ ಕೊಟ್ಟ ಉತ್ತರ.

ಅಂಕಿ 2 ಇದ್ದರೆ ಡ್ರೈವ್ ಇನ್ನೂ ಸಿದ್ಧವಾಗಿಲ್ಲ, ಅಥವಾ ಒಳಗೆ ಡಿಸ್ಕ್ ಇದೆ ಎಂದೇ ಅದಕ್ಕೆ ಕಾಣುತ್ತಿಲ್ಲ. 3 ಬಂದರೆ ಮೀಡಿಯಂ ಎರರ್, ಡಿಸ್ಕಿನ ಮೇಲೆ ಬರೆಯಲು ಅಥವಾ ಓದಲು ಆಗುತ್ತಿಲ್ಲ. 4 ಎಂದರೆ ಯಂತ್ರದ್ದೇ ದೋಷ. 5 ಬಂದರೆ ಡ್ರೈವ್ ಒಪ್ಪದ ಕೆಲಸವನ್ನು ಪ್ರೋಗ್ರಾಂ ಕೇಳಿದೆ ಎಂದರ್ಥ. ಬರೆದು ಮುಚ್ಚಿದ, ಅಂದರೆ ಇನ್ನೇನೂ ಸೇರಿಸಲಾಗದಂತೆ ಮುಗಿಸಿದ, ಸಿಡಿಯ ಮೇಲೆ ಮತ್ತೆ ಬರೆಯಹೊರಟಾಗ ಇದನ್ನು ನೋಡಬಹುದು. ಸಾಫ್ಟ್‌ವೇರ್ ಅಥವಾ ಸೆಟ್ಟಿಂಗ್ ಮೇಲೆ ಅನುಮಾನ ಪಡಬೇಕಾದ್ದು ಈ 5 ಬಂದಾಗ. 3 ಮತ್ತು 4 ಬಂದಾಗ ಪ್ರೋಗ್ರಾಂ ಬದಲಾಯಿಸಿ ಪ್ರಯೋಜನವಿಲ್ಲ.

ನನ್ನ ಲಾಗ್‌ನಲ್ಲಿದ್ದದ್ದು 3. ಪಕ್ಕದಲ್ಲೇ 'ಪವರ್ ಕ್ಯಾಲಿಬ್ರೇಶನ್ ಏರಿಯಾ' ಎಂಬ ಮಾತು.

ಲಾಗ್ ಏನೂ ಹೇಳದಿದ್ದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಕೇಳಿ. ಟರ್ಮಿನಲ್‌ನಲ್ಲಿ 'ಸುಡೊ ಡಿಎಂಇಎಸ್‌ಜಿ' (ಸುಡೊ ಎಂದರೆ ನಿರ್ವಾಹಕರ ಹಕ್ಕಿನಲ್ಲಿ ನಡೆಸು ಎಂದು) ಕೊಟ್ಟು ಕೊನೆಯ ಇಪ್ಪತ್ತು ಮೂವತ್ತು ಸಾಲು ನೋಡಿ. ಎಸ್‌ಆರ್0 ಎಂಬುದು ಲಿನಕ್ಸ್ ಸಿಡಿ ಡ್ರೈವ್‌ಗೆ ಕೊಡುವ ಹೆಸರು, ಅದರ ಜೊತೆ ಐ/ಒ ಎರರ್ (ಓದು-ಬರಹದ ದೋಷ) ಕಾಣಿಸಬಹುದು. ಇಲ್ಲಿ ಒಂದು ಎಚ್ಚರಿಕೆ: ಖಾಲಿ ಸಿಡಿ ಹಾಕಿದಾಗಲೂ ಇಂಥ ಒಂದೆರಡು ಸಾಲು ಬರುವುದುಂಟು. ಖಾಲಿ ಡಿಸ್ಕಿನಲ್ಲಿ ಓದಲು ಏನೂ ಇರುವುದಿಲ್ಲವಲ್ಲ. ಅದೇ ಕಾರಣಕ್ಕೆ ಖಾಲಿ ಸಿಡಿಯನ್ನು ಮೌಂಟ್ ಮಾಡಲೂ, ಅಂದರೆ ಫೋಲ್ಡರಿನಂತೆ ತೆರೆಯಲೂ, ಆಗುವುದಿಲ್ಲ. 'ಮೌಂಟ್ ಆಗ್ತಿಲ್ಲ, ಡ್ರೈವ್ ಹೋಗಿದೆ' ಎಂದು ಡ್ರೈವ್ ಬಿಚ್ಚಿಟ್ಟವರನ್ನು ನೋಡಿದ್ದೇನೆ, ಡ್ರೈವ್ ಚೆನ್ನಾಗಿಯೇ ಇತ್ತು.

ಎರಡನೇ ಹೆಜ್ಜೆ: ಡಿಸ್ಕ್

ಬರೆಯುವ ಸಿಡಿಯಲ್ಲಿ ಬೆಳಕಿಗೆ ಬದಲಾಗುವ ಬಣ್ಣದ ತೆಳು ಪದರ ಇರುತ್ತದೆ. ಲೇಸರ್ ಅದನ್ನು ಸುಟ್ಟು ಗುರುತು ಮಾಡುತ್ತದೆ. ಒಂದೊಂದು ಕಂಪನಿಯ ಬಣ್ಣ ಒಂದೊಂದು ಥರ, ಹಾಗಾಗಿ ಡ್ರೈವ್ ಬರೆಯುವ ಮೊದಲು ಡಿಸ್ಕಿನ ಒಳಸುತ್ತಿನಲ್ಲಿ, ನಡುವಿನ ತೂತಿಗೆ ಹತ್ತಿರದ ಚಿಕ್ಕ ಜಾಗದಲ್ಲಿ, ಸ್ವಲ್ಪ ಬರೆದು ನೋಡಿ ಎಷ್ಟು ಶಕ್ತಿ ಬೇಕೆಂದು ಅಳೆದುಕೊಳ್ಳುತ್ತದೆ. ಆ ಜಾಗವೇ ಪವರ್ ಕ್ಯಾಲಿಬ್ರೇಶನ್ ಏರಿಯಾ. ಅಲ್ಲಿ ಕಲೆ ಇದ್ದರೆ ಮಿಕ್ಕ ಡಿಸ್ಕ್ ಎಷ್ಟೇ ಚೆನ್ನಾಗಿರಲಿ, ಕೆಲಸ ಶುರುವಾಗುವುದೇ ಇಲ್ಲ.

ಚಿಕ್ಕಮ್ಮನ ಕಟ್ಟಿನಿಂದ ಒಂದು ಸಿಡಿ ತೆಗೆದು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದೆ. ಒಳಸುತ್ತಿನಲ್ಲಿ ಮಂಜು ಕವಿದ ಹಾಗೆ ಮಚ್ಚೆಗಳು. ಎರಡು ಮಳೆಗಾಲ ತೋಟದ ಮನೆಯ ಮರದ ಬೀರುವಿನಲ್ಲಿ ಕೂತ ಸಿಡಿಗಳವು. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೆ, ಪುಸ್ತಕಕ್ಕೆ, ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯುವಾಗ ಸಿಡಿ ಒಂದು ಉಳಿದೀತೇ? ನನ್ನ ಹತ್ತಿರ ಬೇರೆ ಕಂಪನಿಯ ಒಂದು ಸಿಡಿ ಡಬ್ಬಿಯಲ್ಲಿತ್ತು. ಹಾಕಿದೆ, ಅದೇ ಕೆ3ಬಿಯಲ್ಲಿ ಒಂದೇ ಸಲಕ್ಕೆ ರೈಟ್ ಆಯಿತು.

ಹಾಗಾಗಿ ಮೊದಲ ಪರೀಕ್ಷೆ ಇದೇ ಇರಲಿ. ಅದೇ ಕಟ್ಟಿನ ಇನ್ನೊಂದು ಸಿಡಿ ಹಾಕಿದರೆ ಪರೀಕ್ಷೆ ಮಾಡಿದ ಹಾಗಾಗುವುದಿಲ್ಲ, ಬೇರೆ ಕಂಪನಿಯದು, ಬೇರೆ ಕಡೆ ಇಟ್ಟದ್ದು ಬೇಕು. ಡಿಸ್ಕಿನ ಸ್ಥಿತಿ ತಿಳಿಯಲು ಎಕ್ಸಾರಿಸೊ ಎಂಬ ಕಮಾಂಡ್ ಬಹಳ ಒಳ್ಳೆಯದು. ಅದರ ಅಕ್ಷರಗಳು ಎಕ್ಸ್, ಒ, ಆರ್, ಆರ್, ಐ, ಎಸ್, ಒ. 'ಎಕ್ಸಾರಿಸೊ -ಔಟ್‌ಡೆವ್ /ಡೆವ್/ಎಸ್‌ಆರ್0 -ಟಿಒಸಿ' ಎಂದು ಕೊಟ್ಟರೆ ಒಳಗಿರುವುದು ಸಿಡಿ-ಆರ್ ಹೌದೋ ಅಲ್ಲವೋ, ಖಾಲಿಯೋ, ಮುಚ್ಚಿದ್ದೋ ಎಲ್ಲ ಹೇಳುತ್ತದೆ. ಡಿಸ್ಕಿಗೆ ಏನೂ ಬರೆಯುವುದಿಲ್ಲ, ಧೈರ್ಯವಾಗಿ ಎಷ್ಟು ಸಲವಾದರೂ ಕೊಡಬಹುದು.

ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯೂ ಆದರೆ ಮೊದಲು ಖಾಲಿ ಮಾಡಬೇಕು. ಪ್ರೋಗ್ರಾಂಗಳಲ್ಲಿ ಫಾಸ್ಟ್ ಎಂಬ ಆಯ್ಕೆ ವಿಷಯಸೂಚಿಯನ್ನಷ್ಟೇ ಅಳಿಸುತ್ತದೆ, ಬೇಗ ಮುಗಿಯುತ್ತದೆ. ಪದೇ ಪದೇ ತೊಂದರೆ ಕೊಡುವ ಡಿಸ್ಕಿಗೆ ಒಮ್ಮೆ ಪೂರ್ತಿ ಅಳಿಸುವ ಆಯ್ಕೆ ಕೊಡಿ, ಹೊತ್ತು ಹಿಡಿಯುತ್ತದೆ, ಆದರೆ ಎಷ್ಟೋ ಸಲ ಡಿಸ್ಕ್ ಮತ್ತೆ ಕೆಲಸಕ್ಕೆ ಬರುತ್ತದೆ. ಜೀಪು, ಹಳೇ ಟೇಪ್ ರೆಕಾರ್ಡರ್ ಸೆಟ್ಟುಗಳಿಗೆ ಮಾತ್ರ ಆರ್‌ಡಬ್ಲ್ಯೂ ಬೇಡವೇ ಬೇಡ. ಅದರ ಪದರ ಬೆಳಕನ್ನು ಸಾಮಾನ್ಯ ಸಿಡಿಗಿಂತ ಬಹಳ ಕಡಿಮೆ ಹಿಂದಿರುಗಿಸುತ್ತದೆ, ಹಳೇ ಪ್ಲೇಯರ್‌ನ ಕಣ್ಣಿಗೆ ಅದು ಕಾಣುವುದೇ ಇಲ್ಲ.

ವೇಗದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 1ಎಕ್ಸ್ ಎಂದರೆ ಸೆಕೆಂಡಿಗೆ 150 ಕೆಬಿ. 80 ನಿಮಿಷದ ಸಿಡಿ 16ಎಕ್ಸ್‌ನಲ್ಲಿ ಸುಮಾರು 5 ನಿಮಿಷಕ್ಕೆ ತುಂಬುತ್ತದೆ. 52ಎಕ್ಸ್ ಎಂದು ಡಬ್ಬಿಯ ಮೇಲೆ ಬರೆದಿದೆಯೆಂದು ಅಷ್ಟಕ್ಕೇ ಓಡಿಸುವುದು ಬೇಡ. ಹಾಗೆಂದು 'ನಿಧಾನವಾದಷ್ಟೂ ಒಳ್ಳೆಯದು' ಎಂದು ತೀರಾ ಕೆಳಗಿಳಿಸುವುದರಲ್ಲೂ ಅರ್ಥವಿಲ್ಲ, ಈಗಿನ ಡಿಸ್ಕುಗಳನ್ನು ಮಾಡಿರುವುದು ಹೆಚ್ಚಿನ ವೇಗಕ್ಕೆ. ನಾನು ಆಡಿಯೋ ಸಿಡಿಗೆ 16ಎಕ್ಸ್ ಇಡುತ್ತೇನೆ.

ಮೂರನೇ ಹೆಜ್ಜೆ: ಡ್ರೈವ್, ಕೇಬಲ್, ಕರೆಂಟು

ಒಳ್ಳೇ ಡಿಸ್ಕೂ ಹಿಡಿಯದಿದ್ದರೆ ಡ್ರೈವ್ ಕಡೆ ಬನ್ನಿ. 'ಎಲ್‌ಎಸ್‌ಬಿಎಲ್‌ಕೆ' ಎಂಬ ಐದಕ್ಷರದ ಕಮಾಂಡ್ ಕೊಡಿ. ಪಟ್ಟಿಯಲ್ಲಿ ಎಸ್‌ಆರ್0 ಕಾಣಬೇಕು. ಕಾಣದಿದ್ದರೆ ಲಿನಕ್ಸ್‌ಗೆ ಡ್ರೈವ್ ಇರುವುದೇ ಗೊತ್ತಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲನ್ನು ಎರಡೂ ಕಡೆ ಬಿಚ್ಚಿ ಮತ್ತೆ ಗಟ್ಟಿಯಾಗಿ ಹಾಕಿ. ಬೇರೆ ಕೇಬಲ್ ಇದ್ದರೆ ಅದನ್ನೇ ಹಾಕಿ ನೋಡಿ.

'ಸಿಡಿ ಓದುತ್ತದೆ, ಬರೆಯಲ್ಲ' ಎಂಬ ದೂರು ಬಹಳ ಕೇಳಿಬರುತ್ತದೆ. ಓದಲು ಸಾಕಾಗುವ ಲೇಸರ್ ಶಕ್ತಿ ಬರೆಯಲು ಸಾಲುವುದಿಲ್ಲ, ಲೆನ್ಸ್ ಮೇಲೆ ತೆಳುವಾಗಿ ಧೂಳು ಕೂತರೂ ಮೊದಲು ಕೈಕೊಡುವುದು ಬರವಣಿಗೆಯೇ. ಇನ್ನೊಂದು ವಿಚಾರ: ಡಿವಿಡಿ ರೈಟರ್ ಒಳಗೆ ಎರಡು ಲೇಸರ್ ಇವೆ. ಸಿಡಿಗೆ 780 ನ್ಯಾನೊಮೀಟರ್‌ನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್; ಡಿವಿಡಿಗೆ 650 ನ್ಯಾನೊಮೀಟರ್‌ನ ಕೆಂಪು. ಡಿವಿಡಿ ಚೆನ್ನಾಗಿ ಬರೆದು ಸಿಡಿ ಮಾತ್ರ ಕೈಕೊಟ್ಟರೆ ಆಶ್ಚರ್ಯಪಡಬೇಡಿ, ಒಂದು ಲೇಸರ್ ಸೋತಿರಬಹುದು. ಚಿಕ್ಕಮಗಳೂರಿನಲ್ಲಿ ಮದುವೆ ಫೋಟೋ ತೆಗೆಯುವ ಗೆಳೆಯನೊಬ್ಬನ ಡ್ರೈವ್ ಹೀಗೇ ಆಗಿತ್ತು. ಅವನು ಡಿವಿಡಿಗೆ ಅದನ್ನೇ ಇಟ್ಟುಕೊಂಡು ಸಿಡಿಗೆಂದು ಬೇರೊಂದು ಡ್ರೈವ್ ತಂದ.

ಲೆನ್ಸ್ ಶುಚಿ ಮಾಡುವುದಾದರೆ ಮೊದಲು ಕ್ಯಾಮೆರಾದವರು ಬಳಸುವ ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಕೂರುತ್ತದೆ. ಟ್ರೇ ಜೊತೆಗೇ ಲೆನ್ಸ್ ಹೊರಬರುವ ಲ್ಯಾಪ್‌ಟಾಪ್ ಬಗೆಯ ತೆಳು ಡ್ರೈವ್ ಆದರೆ, ಕರೆಂಟ್ ಸಂಪರ್ಕ ತೆಗೆದು, ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ತಾಗಿಸಿ ಹಗುರವಾಗಿ ಒಮ್ಮೆ ಸುತ್ತು ಒರೆಸಿ. ಲೆನ್ಸ್ ನಿಂತಿರುವುದು ಕೂದಲೆಳೆಯಂಥ ತಂತಿಗಳ ಮೇಲೆ, ಒತ್ತಿದರೆ ಮುಗಿಯಿತು. ಡ್ರೈವ್ ಬಿಚ್ಚಿಟ್ಟುಕೊಂಡು ಚಾಲೂ ಮಾಡಿ ಇಣುಕುವುದನ್ನು ಯಾವತ್ತೂ ಮಾಡಬೇಡಿ. ಸಿಡಿಯ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನು ಕೆಡಿಸುತ್ತದೆ.

ಯುಎಸ್‌ಬಿ ಮೂಲಕ ಹಾಕುವ ತೆಳು ರೈಟರ್‌ಗಳಿಗೆ ಬೇರೆಯದೇ ಕಾಯಿಲೆ. ಯುಎಸ್‌ಬಿ 2 ಪೋರ್ಟ್ ಲೆಕ್ಕಕ್ಕೆ 500 ಮಿಲಿಆಂಪ್, ಯುಎಸ್‌ಬಿ 3 ಪೋರ್ಟ್ 900 ಮಿಲಿಆಂಪ್ ಕೊಡುತ್ತದೆ. ಮೋಟಾರು ತಿರುಗಿಸಿ, ಬರೆಯುವ ಲೇಸರ್ ಹೊತ್ತಿಸುವ ಹೊತ್ತಿಗೆ 500 ಸಾಲದೇ ಹೋಗಬಹುದು. ಓದುವಾಗ ಸರಿಯಿದ್ದು ಬರೆಯಲು ಶುರುಮಾಡಿದ ಕೂಡಲೇ ಡ್ರೈವ್ ಮಾಯವಾಗಿ ಮತ್ತೆ ಬಂದರೆ, ಕರ್ನಲ್ ಸಂದೇಶಗಳಲ್ಲಿ ಯುಎಸ್‌ಬಿ ಡಿಸ್‌ಕನೆಕ್ಟ್ ಎಂದು ಕಂಡರೆ, ಕಾರಣ ಇದೇ. ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡಿನಲ್ಲೇ ಇರುವ ನೀಲಿ ಪೋರ್ಟ್‌ಗೆ ಹಾಕಿ, ನಡುವೆ ಹಬ್ ಇಟ್ಟುಕೊಳ್ಳಬೇಡಿ.

ಕರೆಂಟಿನ ಮಾತು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆಷಾಢದ ಗಾಳಿಗೆ ಸಕಲೇಶಪುರದ ಆಚೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಡೇಟಾ ಹರಿವು ಕ್ಷಣಹೊತ್ತು ತಡೆದರೆ ಈಗಿನ ಡ್ರೈವ್‌ಗಳು ನಿಂತು, ಕಾದು, ಬಿಟ್ಟಲ್ಲಿಂದ ಬರೆಯುತ್ತವೆ. ಆದರೆ ಕರೆಂಟೇ ಹೋದರೆ ಆ ಸಿಡಿಯನ್ನು ಮುಂದುವರಿಸುವ ದಾರಿಯಿಲ್ಲ. ಯುಪಿಎಸ್ ಬ್ಯಾಟರಿ ಹತ್ತು ನಿಮಿಷ ತಡೆಯುತ್ತದೆಯೇ ಎಂದು ನೋಡಿಕೊಂಡು ಶುರುಮಾಡಿ. ಕಂಪ್ಯೂಟರ್ ತಾನಾಗಿ ಸಸ್ಪೆಂಡ್ ಆಗುವ ಸೆಟ್ಟಿಂಗನ್ನೂ ಆಫ್ ಮಾಡಿಡಿ.

ನಾಲ್ಕನೇ ಹೆಜ್ಜೆ: ಅನುಮತಿ, ಮತ್ತು ಡ್ರೈವ್ ಯಾರ ಕೈಯಲ್ಲಿದೆ

ಡ್ರೈವ್ ಎಲ್‌ಎಸ್‌ಬಿಎಲ್‌ಕೆ ಪಟ್ಟಿಯಲ್ಲಿದೆ, ಆದರೆ ಕೆ3ಬಿ 'ರೈಟರ್ ಇಲ್ಲ' ಎನ್ನುತ್ತಿದೆ ಎಂದಾದರೆ ಇದು ಅನುಮತಿಯ ವಿಷಯ. 'ಎಲ್‌ಎಸ್ -ಎಲ್ /ಡೆವ್/ಎಸ್‌ಆರ್0' ಕೊಡಿ. ಅನುಮತಿಯ ಅಕ್ಷರಗಳ ಕೊನೆಯಲ್ಲಿ ಒಂದು ಕೂಡುವ ಚಿಹ್ನೆ ಇದೆಯೇ ನೋಡಿ. ಈಗಿನ ಲಿನಕ್ಸ್‌ಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಲಾಗಿನ್ ಆದವರಿಗೆ ಡ್ರೈವ್ ಬಳಸುವ ಹಕ್ಕು ತಾನಾಗಿ ಸಿಗುತ್ತದೆ, ಆ ಚಿಹ್ನೆ ಅದರ ಗುರುತು. ದೂರದಿಂದ ಲಾಗಿನ್ ಆದವರಿಗೆ ಹೀಗೆ ಸಿಗುವುದಿಲ್ಲ. ಆಗ 'ಸಿಡಿರಾಮ್' ಗುಂಪಿಗೆ ನಿಮ್ಮನ್ನು ಸೇರಿಸಿಕೊಳ್ಳಬೇಕು. ಡೆಬಿಯನ್, ಉಬುಂಟು ಬಗೆಯ ಲಿನಕ್ಸ್‌ಗಳಲ್ಲಿ 'ಸುಡೊ ಯೂಸರ್‌ಮಾಡ್ -ಎಜಿ ಸಿಡಿರಾಮ್' ಎಂದು ಬರೆದು ಮುಂದೆ ನಿಮ್ಮ ಯೂಸರ್ ಹೆಸರು ಕೊಡಿ. ಇಲ್ಲಿ ಎ ಸಣ್ಣಕ್ಷರ, ಜಿ ದೊಡ್ಡಕ್ಷರ. ಆ ಎ ಬಿಟ್ಟುಹೋದರೆ ನೀವಿದ್ದ ಬೇರೆ ಗುಂಪುಗಳಿಂದೆಲ್ಲ ಹೊರಬೀಳುತ್ತೀರಿ, ಆಮೇಲೆ ಸುಡೊ ಕೂಡ ಕೆಲಸ ಮಾಡದೆ ಹೋಗಬಹುದು. ಎರಡು ಸಲ ನೋಡಿ ಎಂಟರ್ ಒತ್ತಿ. ಲಾಗೌಟ್ ಆಗಿ ಮತ್ತೆ ಬಂದರೆ ಮಾತ್ರ ಬದಲಾವಣೆ ಜಾರಿಗೆ ಬರುತ್ತದೆ.

ಕೆ3ಬಿಯನ್ನೇ ಸುಡೊ ಹಾಕಿ ತೆರೆಯುವ ಅಡ್ಡದಾರಿ ಬೇಡ. ಸೆಟ್ಟಿಂಗ್ ಫೈಲುಗಳು ರೂಟ್ (ನಿರ್ವಾಹಕ) ಹೆಸರಿಗೆ ಹೋಗಿಬಿಟ್ಟು ನಾಳೆ ಮಾಮೂಲಿಯಾಗಿ ತೆರೆದಾಗ ಹೊಸ ತೊಂದರೆ ಹುಟ್ಟುತ್ತದೆ.

'ಡಿವೈಸ್ ಬ್ಯುಸಿ' ಎಂದು ಬಂದರೆ ಬೇರೊಂದು ಪ್ರೋಗ್ರಾಂ ಡ್ರೈವ್ ಹಿಡಿದುಕೊಂಡಿದೆ. ಹೆಚ್ಚಾಗಿ ಅದು ಫೈಲ್ ಮ್ಯಾನೇಜರ್ ಅಥವಾ ಹಾಡಿನ ಪ್ಲೇಯರ್. ಡಿಸ್ಕ್ ಹಾಕಿದ ಕೂಡಲೇ 'ಏನು ಮಾಡಲಿ' ಎಂದು ಡೆಸ್ಕ್‌ಟಾಪ್ ಕೇಳುವ ಕಿಟಕಿಗೂ ಬೇಡ ಎಂದು ಹೇಳಿ ಮುಚ್ಚಿ. 'ಫ್ಯೂಸರ್ -ವಿ /ಡೆವ್/ಎಸ್‌ಆರ್0' ಕೊಟ್ಟರೆ ಹಿಡಿದವರ ಹೆಸರು ಸಿಗುತ್ತದೆ.

ಐದನೇ ಹೆಜ್ಜೆ: ಈಗ ಸಾಫ್ಟ್‌ವೇರ್

ಪರದೆಯಲ್ಲಿ ಕಾಣುವ ಕೆ3ಬಿ ತಾನೇ ಸಿಡಿ ಬರೆಯುವುದಿಲ್ಲ. ಹಿಂದೆ ಬೇರೊಂದು ಪ್ರೋಗ್ರಾಂ ನಿಂತು ಬರೆಯುತ್ತದೆ. ಲಿನಕ್ಸ್‌ನಲ್ಲಿ ಬಹುಕಾಲ ಆ ಕೆಲಸ ಮಾಡಿದ್ದು ಜರ್ಮನಿಯ ಯೋರ್ಗ್ ಶಿಲ್ಲಿಂಗ್ ಬರೆದ ಸಿಡಿರೆಕಾರ್ಡ್. ಲೈಸೆನ್ಸ್ ವಿಚಾರದಲ್ಲಿ ಭಿನ್ನಾಭಿಪ್ರಾಯ ಬಂದು 2006ರಲ್ಲಿ ಡೆಬಿಯನ್‌ನವರು ಅದರ ಕವಲೊಂದನ್ನು ಮಾಡಿಕೊಂಡರು. ಅದೇ ವೋಡಿಮ್, ಅಕ್ಷರಗಳು ಡಬ್ಲ್ಯೂ, ಒ, ಡಿ, ಐ, ಎಂ. 2010ರ ಆಚೆ ವೋಡಿಮ್‌ನ ಹೊಸ ಆವೃತ್ತಿ ಬಂದಿಲ್ಲ. ಇವೆರಡಕ್ಕೂ ಸಂಬಂಧವಿಲ್ಲದೆ ಬೆಳೆದದ್ದು ಲಿಬ್‌ಬರ್ನ್. ಎಕ್ಸ್‌ಎಫ್‌ಬರ್ನ್ ಮತ್ತು ಎಕ್ಸಾರಿಸೊ ಎರಡೂ ಅದರ ಮೇಲೆ ನಿಂತಿವೆ.

ಇದನ್ನು ಯಾಕೆ ಹೇಳಿದೆನೆಂದರೆ, ಪ್ರೋಗ್ರಾಂ ಬದಲಾಯಿಸುವುದಿದ್ದರೆ ಹಿಂದಿನ ಬರಹಗಾರ ಬದಲಾಗುವಂತೆ ಬದಲಾಯಿಸಬೇಕು. ವೋಡಿಮ್ ಮೇಲೆ ನಡೆಯುವ ಒಂದನ್ನು ಬಿಟ್ಟು ವೋಡಿಮ್ ಮೇಲೇ ನಡೆಯುವ ಇನ್ನೊಂದಕ್ಕೆ ಹೋದರೆ ಫಲಿತಾಂಶ ಅದೇ. ಕೆ3ಬಿಯಲ್ಲಿ ಸೋತರೆ ನಾನು ಹೋಗುವುದು ಎಕ್ಸ್‌ಎಫ್‌ಬರ್ನ್‌ಗೆ. ಅದು ಸರಳ, ಚಿಕ್ಕದು. ಕೆ3ಬಿಯೇ ಬೇಕೆಂದರೆ ಸೆಟ್ಟಿಂಗ್‌ನಲ್ಲಿ ಪ್ರೋಗ್ರಾಂಗಳ ಪುಟ ತೆರೆದು ಯಾವ ಯಾವುದು ಸಿಕ್ಕಿದೆ, ಯಾವುದು ಇಲ್ಲ ಎಂದು ನೋಡಿ. ತೆರೆಯುವಾಗಲೇ ಕೆ3ಬಿ ಇದರ ಬಗ್ಗೆ ಎಚ್ಚರಿಕೆ ಕೊಡುತ್ತದೆ, ಓದದೆ ಓಕೆ ಒತ್ತುವುದು ನಮ್ಮ ಅಭ್ಯಾಸ. ವೋಡಿಮ್ ಮೆಮೊರಿ ಮಿತಿ ಏರಿಸಲು ಆಗಲಿಲ್ಲವೆಂದು ಒಂದು ಎಚ್ಚರಿಕೆ ಬರೆಯುತ್ತದಲ್ಲ, ಅದರ ಬೆನ್ನು ಹತ್ತಬೇಡಿ, ಸಿಡಿ ಹಾಳಾಗುವುದು ಅದರಿಂದಲ್ಲ.

ಇನ್ನೊಂದು ಅಡಗಿದ ಕಾರಣ ಜಾಗ. ಬರೆಯುವ ಮೊದಲು ಇಡೀ ಡಿಸ್ಕಿನ ಇಮೇಜನ್ನು, ಅಂದರೆ ಒಂದೇ ಫೈಲಿನ ರೂಪದ ಪ್ರತಿಯನ್ನು, ಪ್ರೋಗ್ರಾಂ /ಟಿಎಂಪಿ ಫೋಲ್ಡರಿನಲ್ಲಿ ಮಾಡಿಕೊಳ್ಳಬಹುದು. ಫೆಡೋರಾ ಲಿನಕ್ಸ್‌ನಲ್ಲಿ, 2025ರ ಡೆಬಿಯನ್ 13ರಲ್ಲಿ, ಆ ಫೋಲ್ಡರ್ ಇರುವುದು ರ‍್ಯಾಮ್‌ನಲ್ಲಿ. 4 ಜಿಬಿ ರ‍್ಯಾಮ್‌ನ ಹಳೇ ಕಂಪ್ಯೂಟರಿನಲ್ಲಿ ಡಿವಿಡಿ ಇಮೇಜ್ ಅಲ್ಲಿ ಹಿಡಿಯುವುದಿಲ್ಲ. ಕೆ3ಬಿ ಸೆಟ್ಟಿಂಗ್‌ನಲ್ಲಿ ತಾತ್ಕಾಲಿಕ ಫೋಲ್ಡರನ್ನು ಹಾರ್ಡ್‌ಡಿಸ್ಕಿನ ನಿಮ್ಮ ಹೋಂ ಫೋಲ್ಡರಿಗೆ ಬದಲಾಯಿಸಿ.

ಸಿಡಿ ಕೆಡಿಸದೆ ಪರೀಕ್ಷಿಸಲು ಸಿಮ್ಯುಲೇಟ್ ಆಯ್ಕೆ ಇದೆ. ಲೇಸರ್ ಬರೆಯುವುದಿಲ್ಲ, ಮಿಕ್ಕ ಕೆಲಸ ಎಲ್ಲ ನಡೆಯುತ್ತದೆ. ಅನುಮತಿ, ಕೇಬಲ್, ಡೇಟಾ ಹರಿವು ಸರಿಯಿದೆಯೇ ಎಂದು ತಿಳಿಯುತ್ತದೆ, ಡಿಸ್ಕ್ ಚೆನ್ನಾಗಿದೆಯೇ ಎಂದು ಮಾತ್ರ ತಿಳಿಯುವುದಿಲ್ಲ. ಡಿವಿಡಿ+ಆರ್‌ನಲ್ಲಿ ಈ ಸೌಲಭ್ಯ ಇಲ್ಲ.

ರೈಟ್ ಆಯಿತು, ಆದರೆ ಜೀಪಿನಲ್ಲಿ ಹಾಡುತ್ತಿಲ್ಲ

ನನ್ನ ಒಳ್ಳೇ ಸಿಡಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪದಗಳನ್ನು ಎಂಪಿ3 ಫೈಲುಗಳಾಗಿಯೇ ಹಾಕಿ ಕಳಿಸಿದ್ದೆ. ಎರಡು ದಿನ ಬಿಟ್ಟು ಚಿಕ್ಕಮ್ಮ ಫೋನ್ ಮಾಡಿದರು: "ಒಳಗೆ ಎಳ್ಕೊಳುತ್ತೆ, ಎರಡು ಸುತ್ತು ತಿರುಗುತ್ತೆ, ವಾಪಸ್ ಉಗಿಯುತ್ತೆ ಕಣೋ."

ಎಂಪಿ3 ಫೈಲುಗಳಿರುವ ಸಿಡಿ ಡೇಟಾ ಸಿಡಿ. ಹಳೇ ಪ್ಲೇಯರ್‌ಗೆ ಬೇಕಾದ್ದು ಆಡಿಯೋ ಸಿಡಿ. ಪ್ರೋಗ್ರಾಂನಲ್ಲಿ ಹೊಸ ಆಡಿಯೋ ಸಿಡಿ ಪ್ರಾಜೆಕ್ಟ್ ಎಂದೇ ಆರಿಸಬೇಕು. ಆಗ ಎಂಪಿ3 ಬಿಚ್ಚಿ ಸೆಕೆಂಡಿಗೆ 44,100 ಮಾದರಿಗಳ ಸ್ಟೀರಿಯೊ ಶಬ್ದವಾಗಿ ಬರೆಯುತ್ತದೆ. ಕೆ3ಬಿ ಎಂಪಿ3 ಒಪ್ಪದಿದ್ದರೆ ಎಕ್ಸ್‌ಟ್ರಾ ಕೋಡೆಕ್ಸ್ ಎಂಬ ಪ್ಯಾಕೇಜನ್ನು ಹುಡುಕಿ ಹಾಕಿ. ಅದೂ ಬೇಡವೆಂದರೆ 'ಎಫ್‌ಎಫ್‌ಎಂಪೆಗ್ -ಐ ಹಾಡು.ಎಂಪಿ3 -ಎಆರ್ 44100 -ಎಸಿ 2 ಹಾಡು.ಡಬ್ಲ್ಯೂಎವಿ' ಎಂದು ಕೊಟ್ಟು ನೀವೇ ವೇವ್ ಫೈಲ್ ಮಾಡಿಕೊಂಡರೆ ಎಲ್ಲ ಪ್ರೋಗ್ರಾಂಗಳೂ ಒಪ್ಪುತ್ತವೆ.

ಇಲ್ಲಿ ಲೆಕ್ಕ ಎಂಬಿಯದ್ದಲ್ಲ, ನಿಮಿಷದ್ದು. ಅಜ್ಜಿಯ ಪದಗಳ ಎಂಪಿ3 ಎಲ್ಲ ಸೇರಿ 86 ಎಂಬಿ. 700 ಎಂಬಿ ಸಿಡಿಯಲ್ಲಿ ಎಷ್ಟು ಸಲ ಬೇಕಾದರೂ ಹಿಡಿಯುವಷ್ಟು. ಆದರೆ ಆಡಿಯೋ ಸಿಡಿಯಲ್ಲಿ ಒಂದು ನಿಮಿಷಕ್ಕೆ 10.6 ಎಂಬಿ ಬೇಕು, ಡಿಸ್ಕ್ ಹಿಡಿಯುವುದು 80 ನಿಮಿಷ, ಕ್ಯಾಸೆಟ್ 90 ನಿಮಿಷ. ಗುಣಿಸಿ ನೋಡಿದವರಿಗೆ ಒಂದು ಅನುಮಾನ ಬರಬಹುದು, 80 ನಿಮಿಷ ಎಂದರೆ ಸುಮಾರು 847 ಎಂಬಿ ಆಯಿತಲ್ಲ, ಡಿಸ್ಕಿನ ಮೇಲೆ 700 ಎಂದಿದೆಯಲ್ಲ ಎಂದು. ಸಿಡಿಯ ಒಂದೊಂದು ತುಣುಕಿನಲ್ಲಿ 2352 ಬೈಟ್ ಜಾಗ. ಆಡಿಯೋ ಅಷ್ಟನ್ನೂ ಬಳಸುತ್ತದೆ. ಡೇಟಾ 2048 ಮಾತ್ರ ಬಳಸಿ ಉಳಿದದ್ದರಲ್ಲಿ ಬಹುಪಾಲನ್ನು ತಪ್ಪು ತಿದ್ದುವ ಸಂಕೇತಗಳಿಗೆ ಬಿಡುತ್ತದೆ. ಹಾಡಿನಲ್ಲಿ ಒಂದು ಬಿಟ್ ತಪ್ಪಿದರೆ ಕಿವಿಗೆ ತಿಳಿಯದು, ಫೈಲಿನಲ್ಲಿ ತಪ್ಪಿದರೆ ಫೈಲೇ ತೆರೆಯದು.

ನಾನು ಕ್ಯಾಸೆಟ್ಟಿನ ಎ ಕಡೆ ಒಂದು ಸಿಡಿಗೆ, ಬಿ ಕಡೆ ಇನ್ನೊಂದಕ್ಕೆ ಮಾಡಿದೆ, 45 ನಿಮಿಷಕ್ಕೆ ಒಂದು. ಸೋಬಾನೆಯಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳುತ್ತಾರೆ, ಪದದಿಂದ ಪದಕ್ಕೆ ಉಸಿರು ಕಡಿಯುವುದಿಲ್ಲ. ಬರೆಯುವ ವಿಧಾನದಲ್ಲಿ ಟಿಎಒ (ಟ್ರ್ಯಾಕ್ ಅಟ್ ಒನ್ಸ್, ಒಂದೊಂದು ಹಾಡಾಗಿ ಬರೆಯುವುದು) ಇಟ್ಟರೆ ಹಾಡುಗಳ ನಡುವೆ ಎರಡು ಸೆಕೆಂಡಿನ ಮೌನ ಬೀಳುತ್ತದೆ. ಡಿಎಒ (ಡಿಸ್ಕ್ ಅಟ್ ಒನ್ಸ್, ಇಡೀ ಡಿಸ್ಕನ್ನು ಒಂದೇ ಸಲಕ್ಕೆ ಬರೆಯುವುದು) ಆರಿಸಿ, ಅಂತರ ಸೊನ್ನೆ ಇಟ್ಟರೆ ಹರಿವು ಹಾಗೇ ಉಳಿಯುತ್ತದೆ. ಡಿಎಒದಲ್ಲಿ ಡಿಸ್ಕ್ ಕೊನೆಯಲ್ಲಿ ಮುಚ್ಚಿಯೂ ಹೋಗುತ್ತದೆ. ಮುಚ್ಚದ ಡಿಸ್ಕನ್ನು ಕಂಪ್ಯೂಟರ್ ಓದಿದರೂ ಜೀಪಿನ ಪ್ಲೇಯರ್ ಓದುವುದಿಲ್ಲ.

ಎಂಪಿ3 ಓದುವ ಪ್ಲೇಯರ್ ಇರುವವರಿಗೆ ಒಂದು ಮಾತು. ಫೈಲಿನ ಹೆಸರು ಕನ್ನಡದಲ್ಲಿದ್ದರೆ ಲಿನಕ್ಸ್‌ನಲ್ಲಿ ಚಂದ ಕಾಣುತ್ತದೆ, ವಿಂಡೋಸ್‌ನಲ್ಲೂ ಬೇರೆ ಲಿಪಿಯ ಹೆಸರುಗಳನ್ನು ಉಳಿಸುವ ಜೊಲಿಯೆಟ್ ವಿಸ್ತರಣೆಯ ಆಯ್ಕೆ ಹಾಕಿದರೆ ಕಾಣುತ್ತದೆ. ಕಾರಿನ ಪ್ಲೇಯರ್‌ನಲ್ಲಿ ಚೌಕ ಚೌಕ ಬರಬಹುದು, ಫೈಲ್ ಕಾಣದೆಯೂ ಹೋಗಬಹುದು. ಕನ್ನಡ ಹೆಸರನ್ನು ಬಿಡಲು ನನಗೂ ಮನಸ್ಸಿಲ್ಲ. ಅದಕ್ಕೆ ಸಿಡಿಯಲ್ಲಿ 01, 02 ಎಂದು ಅಂಕಿ ಇಟ್ಟು, ಪದಗಳ ಮೊದಲ ಸಾಲನ್ನು ಕನ್ನಡದಲ್ಲೇ ಕಾಗದಕ್ಕೆ ಬರೆದು ಕವರಿನಲ್ಲಿ ಇಡುತ್ತೇನೆ.

ಬರೆದದ್ದನ್ನು ತಾಳೆ ನೋಡುವುದು

ಡೇಟಾ ಸಿಡಿಗೆ ವೆರಿಫೈ ಆಯ್ಕೆಯನ್ನು ಯಾವಾಗಲೂ ಹಾಕಿ. ಡೆಸ್ಕ್‌ಟಾಪ್ ಡ್ರೈವ್‌ನಲ್ಲಿ ಟ್ರೇ ತಾನೇ ಹೊರಬಂದು ಒಳಹೋಗಿ ತಾಳೆ ನೋಡಲು ಶುರುಮಾಡುತ್ತದೆ. ತೆಳು ಡ್ರೈವ್‌ಗಳ ಟ್ರೇ ತಾನೇ ಒಳಹೋಗಲಾರದು, ಕೈಯಿಂದ ತಳ್ಳಬೇಕು. 'ವೆರಿಫೈನಲ್ಲಿ ಹ್ಯಾಂಗ್ ಆಗಿದೆ' ಎಂದು ಜನ ಕಂಪ್ಯೂಟರ್ ಆಫ್ ಮಾಡುವುದು ಇಲ್ಲೇ.

ಐಎಸ್‌ಒ ಫೈಲ್, ಅಂದರೆ ಇಡೀ ಡಿಸ್ಕಿನ ಇಮೇಜ್, ಬರೆಯುವಾಗ ಅದನ್ನು ಡೇಟಾ ಪ್ರಾಜೆಕ್ಟಿಗೆ ಎಳೆದು ಹಾಕಬೇಡಿ, ಬರ್ನ್ ಇಮೇಜ್ ಎಂಬುದನ್ನು ಆರಿಸಿ. ಬರೆದ ಡಿಸ್ಕ್ ತೆರೆದಾಗ ಒಳಗೆ ಒಂದೇ ಒಂದು ಐಎಸ್‌ಒ ಫೈಲ್ ಕಂಡರೆ ಆ ತಪ್ಪಾಗಿದೆ.

ಹಾಸನದ ಕೋರ್ಟಿನಲ್ಲಿ ವಕೀಲಿ ಮಾಡುವ ಗೆಳೆಯರೊಬ್ಬರು ಸಿಸಿಟಿವಿ ತುಣುಕುಗಳನ್ನು ಸಿಡಿಗೆ ಹಾಕಿಸಲು ಬರುತ್ತಾರೆ. ಅವರಿಗೆ ಬೇಕಾದ್ದು ಸಿಡಿಯಷ್ಟೇ ಅಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಸಾಲು) ನಮೂದಿಸಬೇಕು. ಲಿನಕ್ಸ್‌ನಲ್ಲಿ ಅದಕ್ಕೆ ಬೇರೆ ಪ್ರೋಗ್ರಾಂ ಬೇಡ, 'ಎಸ್‌ಎಚ್‌ಎ256ಸಮ್' ಎಂಬ ಕಮಾಂಡ್ ಇದೆ. ಮೂಲ ಫೈಲಿನ ಮೇಲೆ ಒಮ್ಮೆ, ಸಿಡಿಯಲ್ಲಿರುವ ಫೈಲಿನ ಮೇಲೆ ಒಮ್ಮೆ ಕೊಟ್ಟು ಎರಡೂ ಒಂದೇ ಇದೆಯೇ ನೋಡಿ. ಒಂದಕ್ಷರ ವ್ಯತ್ಯಾಸವಿದ್ದರೂ ಆ ಸಿಡಿಯನ್ನು ಕೊಡಬಾರದು.

ಬರೆದ ಮೇಲೆ

ಸಿಡಿಯ ಕೆಳಮೈ ಗೀರಿದರೆ ಜನ ಗಾಬರಿಯಾಗುತ್ತಾರೆ. ನಿಜವಾಗಿ ಜೋಪಾನ ಮಾಡಬೇಕಾದ್ದು ಮೇಲ್ಮೈ. ಡೇಟಾ ಪದರ ಇರುವುದು ಹೆಸರು ಬರೆಯುವ ಬದಿಗೆ ತಾಗಿಕೊಂಡು, ಅದರ ಮೇಲೆ ತೆಳುವಾದ ವಾರ್ನಿಷ್ ಬಿಟ್ಟರೆ ಬೇರೆ ಹೊದಿಕೆಯಿಲ್ಲ. ಬಾಲ್ ಪೆನ್ನಿನಿಂದ ಒತ್ತಿ ಬರೆಯಬೇಡಿ, ಅಂಟು ಚೀಟಿ ಹಚ್ಚಬೇಡಿ. ಸಿಡಿಗೆಂದೇ ಸಿಗುವ ಮೆತ್ತನೆ ತುದಿಯ ಮಾರ್ಕರ್‌ನಿಂದ, ಸಾಧ್ಯವಾದರೆ ನಡುವಿನ ತೂತಿನ ಸುತ್ತ ಇರುವ ಪಾರದರ್ಶಕ ಜಾಗದಲ್ಲಿ ಬರೆಯಿರಿ. ಒರೆಸುವಾಗ ಸುತ್ತಲೂ ತಿರುವದೆ ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಿರಿ. ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಇಡಬೇಡಿ. ತೋಟದ ಮನೆಯವರು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಹೊಸ ಬ್ಯಾಗು ಶೂಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟರೆ ಮಳೆಗಾಲ ದಾಟುತ್ತದೆ.

ಎರಡನೇ ಸಲ ನಾಲ್ಕು ಸಿಡಿ ಕಳಿಸಿದೆ, ಇಬ್ಬರಿಗೂ ಎರಡೆರಡು. ಮೂಲ ಎಂಪಿ3ಗಳು ನನ್ನ ಹಾರ್ಡ್‌ಡಿಸ್ಕಿನಲ್ಲೂ ಇವೆ. ಕ್ಯಾಸೆಟ್ಟನ್ನೂ ಎಸೆಯಬೇಡಿ ಎಂದು ಚಿಕ್ಕಮ್ಮನಿಗೆ ಹೇಳಿದ್ದೇನೆ. ಆ ಸಂಜೆ ಫೋನ್ ಬಂತು, ಮಾತಾಡಲಿಲ್ಲ, ಫೋನನ್ನು ಜೀಪಿನ ಸ್ಪೀಕರ್ ಹತ್ತಿರ ಹಿಡಿದರು.